ತಳ್ಳಿಕೊಂಡು ಹೋದ ದಾರಿ

ಮೈಸೂರಿನಿಂದ ಸೈಕಲ್ ತರುತ್ತೇನೆ ಎಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಅದನ್ನು ತಳ್ಳಲಿಕ್ಕೆ ಯಾರನ್ನು ಇಡ್ತೀ?"

ಅದು 1972. ನನಗಾಗ ಹದಿನೆಂಟು. ಅಪ್ಪ ಸುಂಟಿಕೊಪ್ಪದ ಬಳಿಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಕೂಲಿಯವರ ಲೈನುಮನೆಗಳ ಮುಂದೆ ಹಾಜರಿ ಕರೆಯುವುದು, ಸಂಜೆ ಕಣದ ಲೆಕ್ಕ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ಅವರ ಕೆಲಸ. ತೋಟದೊಳಗೇ ದಿನಕ್ಕೆ ಎಂಟು ಹತ್ತು ಮೈಲಿ ನಡೆಯುತ್ತಿದ್ದ ಮನುಷ್ಯ. ಅವರ ಲೆಕ್ಕದಲ್ಲಿ ಕೊಡಗಿನಲ್ಲಿ ಸೈಕಲ್ ಇಟ್ಟುಕೊಳ್ಳುವುದೆಂದರೆ ಆಷಾಢದಲ್ಲಿ ಹಪ್ಪಳ ಒಣಗಿಸಲು ಹೊರಟ ಹಾಗೆ.

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಂಡ್ಯದ ಕಡೆ ಸೈಕಲ್ಲು ಮನೆಯ ಎತ್ತಿನಷ್ಟೇ ಸಹಜ; ಹಾಲಿನ ಕ್ಯಾನು, ಕಬ್ಬಿನ ಜಲ್ಲೆ, ಹೆಂಡತಿ, ಮಗು ಎಲ್ಲ ಅದರ ಮೇಲೆಯೇ. ನಮ್ಮಲ್ಲಿ ಒಂದು ಮೈಲಿ ಸಮತಟ್ಟು ರಸ್ತೆ ತೋರಿಸಿ ಎಂದರೆ ಊರಿನವರೇ ತಲೆ ಕೆರೆದುಕೊಳ್ಳುತ್ತಾರೆ. ಕೊಡಗಿಗೆ ಇಂದಿಗೂ ರೈಲಿಲ್ಲ. ರೈಲೇ ಹತ್ತಿ ಬಾರದ ಊರಿಗೆ ಎರಡು ಚಕ್ರ ಕಟ್ಟಿಕೊಂಡು ಬರುತ್ತೇನೆ ಎಂದವನು ನಾನು.

ಈಗ ನನಗೆ ಎಪ್ಪತ್ತು ದಾಟಿದೆ. ಮೇಷ್ಟ್ರಾಗಿ ದುಡಿದು ನಿವೃತ್ತನಾಗಿದ್ದೇನೆ. ಐವತ್ತು ವರ್ಷಗಳಲ್ಲಿ ಕೊಡಗಿನ ಬಹುಪಾಲು ರಸ್ತೆಗಳಲ್ಲಿ ಸೈಕಲ್ ಹೊಡೆದಿದ್ದೇನೆ. ಹೊಡೆದದ್ದಕ್ಕಿಂತ ಹೆಚ್ಚು ತಳ್ಳಿದ್ದೇನೆ. ಅಪ್ಪನ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ಆಯುಷ್ಯ ಕಳೆಯಿತು ಎಂದರೂ ನಡೆಯುತ್ತದೆ.

*

ಸೈಕಲ್ಲಿಗಿಂತ ಮೊದಲು ಕಾಲು. ಶಾಲೆಗೆ ಎರಡೂವರೆ ಮೈಲಿ. ಅದರಲ್ಲಿ ಅರ್ಧ ತೋಟದ ದಾರಿ, ಉಳಿದರ್ಧ ಓಣಿ. ನಮ್ಮ ಕಡೆಯ ಓಣಿಯೆಂದರೆ ಪೇಟೆಯ ಗಲ್ಲಿಯಲ್ಲ. ಎರಡೂ ಬದಿಗೆ ಮಣ್ಣಿನ ಬರೆ ಎದ್ದು ನಿಂತ, ಆಳವಾದ, ಕಿರಿದಾದ ದಾರಿ. ತಲೆಮಾರುಗಳ ಕಾಲು, ಎತ್ತಿನ ಗೊರಸು, ಮಳೆ ನೀರು ಮೂರೂ ಸೇರಿ ಕೊರೆದದ್ದು. ಬರೆಯ ಮೇಲೆ ಜರಿಗಿಡ, ಕೆಳಗೆ ಸದಾ ತಂಪು. ಕೊಡವರ ಕುಲದ ಮೂಲಮನೆಗಳಾದ ಹಳೆಯ ಐನ್‌ಮನೆಗಳಿಗೆ ಹೋಗುವ ದಾರಿ ಹೆಚ್ಚಾಗಿ ಇಂಥದ್ದೇ. ಎದುರಿಗೆ ದನ ಬಂದರೆ ನಾವು ಬರೆಗೆ ಬೆನ್ನು ಒತ್ತಿ ಹೊಟ್ಟೆ ಒಳಗೆಳೆದು ನಿಲ್ಲಬೇಕು. ಇದಕ್ಕಿಂತಲೂ ಆಳವಾದದ್ದು ಕಡಂಗ. ಅದು ದಾರಿಯಲ್ಲ, ರಾಜರ ಕಾಲದಲ್ಲಿ ಶತ್ರುಗಳನ್ನು ತಡೆಯಲು ತೋಡಿದ ಕಂದಕ. ಬೆಟ್ಟ ಹತ್ತಿ ಬೆಟ್ಟ ಇಳಿದು ಮೈಲಿಗಟ್ಟಲೆ ಹೋಗುತ್ತದೆ. ಹುಡುಗರಾದ ನಮಗೆ ಎರಡರ ವ್ಯತ್ಯಾಸ ಗೊತ್ತಿರಲಿಲ್ಲ. ಓಣಿಯಲ್ಲಿ ದನ ಸಿಗುತ್ತದೆ, ಕಡಂಗದಲ್ಲಿ ಕಾಡುಹಂದಿ ಸಿಗುತ್ತದೆ, ಅಷ್ಟೆ.

ಮಳೆಗಾಲದಲ್ಲಿ ಎರಡರಲ್ಲೂ ಜಿಗಣೆ ಸಿಗುತ್ತಿತ್ತು. ಅಪ್ಪ ಒಂದು ಕೋಲಿನ ತುದಿಗೆ ಹಳೆ ಬಟ್ಟೆ ಸುತ್ತಿ, ಅದರೊಳಗೆ ಹೊಗೆಸೊಪ್ಪು, ಸುಣ್ಣ ಇಟ್ಟು ಕಟ್ಟಿಕೊಡುತ್ತಿದ್ದರು. ಅದನ್ನು ನೀರಿಗೆ ಅದ್ದಿ ಕಾಲಿಗೆ ಕಚ್ಚಿದ ಜಿಗಣೆಗೆ ತಾಗಿಸಿದರೆ ಸಾಕು, ಸುರುಟಿ ಬೀಳುತ್ತಿತ್ತು. ಕೈಯಲ್ಲಿ ಕಿತ್ತರೆ ರಕ್ತ ನಿಲ್ಲುವುದಿಲ್ಲ. ಶಾಲೆಯ ಜಗಲಿಯಲ್ಲಿ ಇಂಥ ಕೋಲುಗಳು ಕೊಡೆಗಳ ಜೊತೆ ಸಾಲಾಗಿ ಒರಗಿರುತ್ತಿದ್ದವು.

ನಡಿಗೆಯ ಪಾಠವನ್ನೂ ಕಲಿಸಿದವರು ಅಪ್ಪನೇ. ಮಡಿಕೇರಿಗೆ ಹದಿನೈದು ಕಿಲೋಮೀಟರು. ಬಸ್ಸಿದ್ದರೂ ಒಮ್ಮೊಮ್ಮೆ ನಡೆಸಿಕೊಂಡು ಹೋಗುತ್ತಿದ್ದರು. ಅವರದು ಎರಡೇ ಸೂತ್ರ: "ಏರಿಗೆ ಮಾತು ಬೇಡ, ಇಳಿಜಾರಿಗೆ ಓಟ ಬೇಡ." ಏರಿನಲ್ಲಿ ಮಾತಾಡಿದರೆ ಉಸಿರು ಹೋಗ್ತದೆ, ಇಳಿಜಾರಿನಲ್ಲಿ ಓಡಿದರೆ ಮಂಡಿ ಹೋಗ್ತದೆ. ಮಂಡಿಯ ವಿಷಯದಲ್ಲಿ ಅವರು ಹೇಳಿದ್ದು ನಿಜವೆಂದು ಈಗ ಡಾಕ್ಟರೂ ಹೇಳುತ್ತಾರೆ. ಮಾತಿನ ವಿಷಯದಲ್ಲಿ ಮಾತ್ರ ನಾನು ಅವರ ಸೂತ್ರ ಪಾಲಿಸಲಿಲ್ಲ. ಪಾಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

*

ಸೈಕಲ್ಲು ಹರ್ಕ್ಯುಲಿಸ್. ಎರಡನೇ ಕೈಯದು, ನೂರ ಇಪ್ಪತ್ತು ರೂಪಾಯಿ. ಕಪ್ಪು ಬಣ್ಣ, ಕಂಬಿ ಬ್ರೇಕು, ಬಾಟಲಿಯಂಥ ಡೈನಮೊ, ಹಿಂದೆ ಸ್ಪ್ರಿಂಗಿನ ಕ್ಯಾರಿಯರ್. ಮುಂದಿನ ಚಕ್ರದ ಬಳಿ ಯಾವುದೋ ಪುರಸಭೆಯ ತಗಡಿನ ತೆರಿಗೆ ಬಿಲ್ಲೆ ಇನ್ನೂ ತೂಗುತ್ತಿತ್ತು. ಬಸ್ಸಿನ ಮೇಲೆ ಹಾಕಿಸಿಕೊಂಡು ಬರಲು ದುಡ್ಡಿತ್ತು, ಮನಸ್ಸಿರಲಿಲ್ಲ. ಮೈಸೂರಿನಿಂದ ಮನೆಗೆ ನೂರು ಕಿಲೋಮೀಟರು ಚಿಲ್ಲರೆ, ಹೊಡೆದುಕೊಂಡೇ ಹೊರಟೆ.

ಯಲವಾಳ ಬಂತು. 1957ರಲ್ಲಿ ಇಲ್ಲಿ ವಿನೋಬಾ ಭಾವೆಯವರ ಗ್ರಾಮದಾನ ಸಮ್ಮೇಳನ ನಡೆದಿತ್ತು. 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನ ಶುರು ಮಾಡಿ, ಊರಿಂದೂರಿಗೆ ನಡೆಯುತ್ತಲೇ ಅವರು ಇಲ್ಲಿಯವರೆಗೆ ಬಂದಿದ್ದರು. ಆ ವಯಸ್ಸಿನಲ್ಲಿ ನನಗೆ ಭೂದಾನಕ್ಕಿಂತ ಅವರ ಕಾಲಿನ ಬಗ್ಗೆಯೇ ಹೆಚ್ಚು ಕುತೂಹಲ. ಅಷ್ಟು ದೂರ ಒಬ್ಬ ಮುದುಕ ನಡೆಯಬಹುದಾದರೆ ನೂರು ಕಿಲೋಮೀಟರು ಸೈಕಲ್ ಹೊಡೆಯುವುದೇನು ಮಹಾ ಎಂದುಕೊಂಡು ಹುಣಸೂರಿನವರೆಗೆ ಹಾಡುತ್ತಾ ಬಂದೆ. ಪಿರಿಯಾಪಟ್ಟಣ ದಾಟುವಾಗ ಹಾಡು ನಿಂತಿತ್ತು. ಬೈಲಕುಪ್ಪೆಯ ಬಳಿ ಟಿಬೆಟನ್ ಮುದುಕಿಯೊಬ್ಬರು ಜೋಳದ ಹೊಲದ ಅಂಚಿನಲ್ಲಿ ಜಪಮಣಿ ತಿರುಗಿಸುತ್ತಾ ನಡೆಯುತ್ತಿದ್ದರು. ಅವರ ಜನ ಇಲ್ಲಿಗೆ ಬಂದು ನೆಲೆಸಿ ಆಗ ಹತ್ತು ಹನ್ನೊಂದು ವರ್ಷವಾಗಿತ್ತಷ್ಟೆ. ಹಿಮಾಲಯವನ್ನು ಕಾಲ್ನಡಿಗೆಯಲ್ಲಿ ದಾಟಿ ಬಂದ ಜನ ಅವರೆಂದು ತಿಳಿದದ್ದು ಆಮೇಲೆ. ಅಂದು ಅವರು ನನ್ನ ಮುಖ ನೋಡಿ ನಕ್ಕದ್ದು ಯಾಕೆಂದು ಆಗ ಅರ್ಥವಾಗಿರಲಿಲ್ಲ.

ಕಾವೇರಿ ಸೇತುವೆ ದಾಟಿ ಕುಶಾಲನಗರ. ಅಲ್ಲಿ ಅರ್ಧ ಬನ್ನು, ಚಹಾ. ಅಲ್ಲಿಂದ ಮುಂದೆ ಆನೆಕಾಡು. ಕತ್ತಲಾಗುತ್ತಿತ್ತು. ಚಹಾದಂಗಡಿಯವರು, "ಒಬ್ಬನೇ ಹೋಗಬೇಡಪ್ಪ, ಲಾರಿ ಬರ್ತದೆ, ಅದರ ಹಿಂದೆ ಹೋಗು" ಎಂದರು. ಲಾರಿಯ ಹಿಂದೆ ಹೋಗಲು ಲಾರಿಯ ವೇಗ ಬೇಕು. ಏರು ಶುರುವಾದ ಕೂಡಲೆ ಲಾರಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ನಾನು ಇಳಿದೆ. ಡೈನಮೊ ಎಂಥ ಕುಚೋದ್ಯದ ವಸ್ತುವೆಂದು ಅಂದು ಗೊತ್ತಾಯಿತು. ಚಕ್ರ ಜೋರಾಗಿ ತಿರುಗಿದರೆ ಮಾತ್ರ ಬೆಳಕು. ಇಳಿಜಾರಿನಲ್ಲಿ ಬೇಡ ಬೇಡವೆಂದರೂ ರಸ್ತೆಯುದ್ದಕ್ಕೆ ಚೆಲ್ಲುತ್ತದೆ. ಏರಿನಲ್ಲಿ, ಕಾಡಿನಲ್ಲಿ, ಎದೆ ಬಡಿದುಕೊಳ್ಳುವ ಹೊತ್ತಿನಲ್ಲಿ ಕೆಂಪಗೆ ಒಂದು ಹುಳದಷ್ಟೇ ಮಿಣುಕುತ್ತದೆ. ಆ ಹುಳದ ಬೆಳಕಿನಲ್ಲಿ ರಸ್ತೆಯ ನಡುವೆ ಆನೆಯ ಲದ್ದಿ ಕಂಡಿತು. ಇನ್ನೂ ಹಬೆಯಾಡುತ್ತಿತ್ತು. ಕಾಡಿನೊಳಗೆ ಬಿದಿರು ಮುರಿಯುವ ಸದ್ದು. ನಾನು ಸೈಕಲ್ಲನ್ನು ತಳ್ಳಿದೆನೋ ಅದೇ ನನ್ನನ್ನು ಎಳೆದುಕೊಂಡು ಹೋಯಿತೋ ಇವತ್ತಿಗೂ ಹೇಳಲಾರೆ.

ಮನೆಗೆ ಬಂದಾಗ ಅಪ್ಪ ಲಾಟೀನು ಹಿಡಿದು ಗೇಟಿನಲ್ಲಿ ನಿಂತಿದ್ದರು. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಬಂತಾ?" ಎಂದರು. ನನ್ನನ್ನು ಕೇಳಿದರೋ ಸೈಕಲ್ಲನ್ನೋ.

*

ಘಾಟಿ ಇಳಿದದ್ದು 1976ರಲ್ಲಿ. ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿಲೋಮೀಟರು. ಮೊದಲ ಇಪ್ಪತ್ತೈದು ಮೂವತ್ತು ಕಿಲೋಮೀಟರು ಬರೀ ಇಳಿಜಾರು. ಸಂಪಾಜೆ ಮುಟ್ಟುವಷ್ಟರಲ್ಲಿ ಸಾವಿರ ಮೀಟರಿನಷ್ಟು ಕೆಳಗೆ ಬಂದಿರುತ್ತೀರಿ. ಕಂಬಿ ಬ್ರೇಕಿನ ಸ್ವಭಾವ ಬಲ್ಲವರಿಗೆ ಇದರ ಅರ್ಥ ಹೇಳಬೇಕಿಲ್ಲ. ರಿಮ್ಮು ಒದ್ದೆಯಾದರೆ ರಬ್ಬರಿನ ಕಟ್ಟೆ ಹಿಡಿಯುವುದಿಲ್ಲ. ಒಣಗಿದ್ದರೂ ಎರಡು ಮೈಲಿ ಒತ್ತಿ ಹಿಡಿದರೆ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಮದೆನಾಡಿನ ಚಹಾದಂಗಡಿಯಲ್ಲಿ ಕೂತಿದ್ದ ಹಳೆಯ ಗಾಡಿ ಹೊಡೆಯುವವರೊಬ್ಬರು ನನ್ನ ಬ್ರೇಕಿನ ಕಟ್ಟೆಯನ್ನು ಉಗುರಿನಿಂದ ಕೆರೆದು ನೋಡಿದರು. ಏನೂ ಹೇಳದೆ ಎದ್ದು ಹೋಗಿ ಸೊಪ್ಪು ತುಂಬಿದ ಒಂದು ಕೊಂಬೆ ಕಡಿದು ತಂದರು. ಕ್ಯಾರಿಯರಿಗೆ ಹಗ್ಗದಿಂದ ಕಟ್ಟಿ, ಎರಡು ಮಾರು ಹಿಂದೆ ನೆಲಕ್ಕೆ ಎಳೆಯುವ ಹಾಗೆ ಬಿಟ್ಟರು. "ಎತ್ತಿನ ಗಾಡಿಗೆ ನಾವು ದಿಮ್ಮಿ ಕಟ್ತಿದ್ದೆವು. ನಿಮ್ಮದಕ್ಕೆ ಇಷ್ಟು ಸಾಕು" ಎಂದರು. ನಾನು ದೂಳೆಬ್ಬಿಸುತ್ತಾ, ಹಿಂದೆ ಅರ್ಧ ಮರ ಎಳೆದುಕೊಂಡು ಜೋಡುಪಾಲ, ಕೊಯನಾಡು ದಾಟಿ ಸಂಪಾಜೆಗೆ ಇಳಿದೆ. ಎದುರು ಬಂದ ಬಸ್ಸಿನ ಜನ ಕಿಟಕಿಯಿಂದ ಹೊರಗೆ ತಲೆ ಹಾಕಿ ನೋಡಿದರು.

ಹೋದದ್ದು ಹೀಗೆ. ಆದರೆ ನೆನಪಿರುವುದು ಬಂದದ್ದು. ಮಂಗಳೂರಿನಿಂದ ಮರಳುವಾಗ ಸಂಪಾಜೆಯಲ್ಲಿ ಶಾಲೆಯ ಜಗಲಿಯ ಮೇಲೆ ಮಲಗಿ, ಬೆಳಕು ಹರಿಯುವ ಮೊದಲೇ ತಳ್ಳಲು ಶುರು ಮಾಡಿದೆ. ಕೊಯನಾಡು ದಾಟಿದ ಮೇಲೆ ಮುಂದೆ ಒಬ್ಬ ಅಜ್ಜಿ ತಲೆಯ ಮೇಲೆ ಸೊಸೈಟಿ ಅಕ್ಕಿಯ ಚೀಲ ಹೊತ್ತು ನಡೆಯುತ್ತಿದ್ದರು. ನಾನು ಹತ್ತಿರ ಬಂದಾಗ ನಿಂತು ಸೈಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನೀನು ಹೇಗೂ ತಳ್ತಾ ಇದ್ದೀಯಲ್ಲ ಮಗಾ, ಇದನ್ನೂ ಇಟ್ಟುಕೋ" ಎಂದು ನನ್ನ ಒಪ್ಪಿಗೆಗೆ ಕಾಯದೆ ಚೀಲವನ್ನು ಕ್ಯಾರಿಯರಿನ ಮೇಲಿಟ್ಟರು. ಸ್ಪ್ರಿಂಗು ಕಿರುಗುಟ್ಟಿತು. ಅಜ್ಜಿ ಒಂದು ಕೈಯಿಂದ ಚೀಲ ಹಿಡಿದು ಪಕ್ಕದಲ್ಲೇ ನಡೆಯತೊಡಗಿದರು. ಏರು ಏರಿದಂತೆ ಅವರ ಮಾತೂ ಏರಿತು.

ಗಂಡ ಘಾಟಿಯ ಕೆಳಗಿನಿಂದ ರಬ್ಬರು ತೋಟದ ಕೆಲಸಕ್ಕೆ ಬಂದವರು. ಹಿಂದೆ ರಾತ್ರಿ ಎತ್ತಿನ ಗಾಡಿಗಳ ಸಾಲು ಘಾಟಿ ಹತ್ತುವಾಗ, ಕೊರಳ ಗಂಟೆಯ ಸದ್ದು ಕೇಳಿಯೇ ಇದು ಇಂಥವರ ಗಾಡಿ ಎಂದು ಮನೆಯೊಳಗಿಂದ ಹೇಳುತ್ತಿದ್ದರಂತೆ. "ಈಗ ಲಾರಿ. ಎಲ್ಲದರದ್ದೂ ಒಂದೇ ಕೂಗು." ಆಮೇಲೆ ಅವರ ಅಜ್ಜಂದಿರ ಕಾಲದ ಕತೆ ಬಂತು. ನಮ್ಮವರು ಇದೇ ಕಡೆಯಿಂದ ಮಂಗಳೂರಿಗೆ ನಡೆದೇ ಹೋಗಿ ಬಾವುಟ ಹಾರಿಸಿದವರು, ನೀನು ಸೈಕಲ್ಲಿನಲ್ಲಿ ಹೋಗಿ ಏನು ತಂದೆ ಎಂದು ಕೇಳಿದರು. ಅವರು ಹೇಳುತ್ತಿದ್ದುದು ಕಲ್ಯಾಣಪ್ಪನ ಕಾಟಕಾಯಿಯ ಕತೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು, ಅದಕ್ಕೆ ಸೇರಿದ್ದ ಸುಳ್ಯ ಸೀಮೆಯನ್ನು ಅಂದಿನ ಕೆನರಾ ಜಿಲ್ಲೆಗೆ ಕೊಟ್ಟರು. 1837ರಲ್ಲಿ ಆ ಸೀಮೆಯ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದು, ಕೆಲವು ದಿನ ಊರನ್ನೇ ಹಿಡಿದಿಟ್ಟುಕೊಂಡಿದ್ದರು. ನಾನು ಇತಿಹಾಸದ ಪುಸ್ತಕದಲ್ಲಿ ಓದಿದ್ದು ಒಂದು ಸಾಲು. ಅಜ್ಜಿ ಅದನ್ನು ನೆಂಟರ ಮನೆಯ ಸುದ್ದಿಯ ಹಾಗೆ ಹೇಳಿದರು.

ಜೋಡುಪಾಲದ ಹತ್ತಿರ ರಸ್ತೆಯಿಂದ ಬರೆಯಲ್ಲಿ ಕಡಿದ ಏಳೆಂಟು ಮೆಟ್ಟಿಲು ಹತ್ತಿದರೆ ಅವರ ಮನೆ. ಗಾಂಧಾರಿ ಮೆಣಸು ಜಜ್ಜಿ ಹಾಕಿದ ಮಜ್ಜಿಗೆ ಕೊಟ್ಟರು. ಮೆಣಸು ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬಂದಾಗ, "ಇನ್ನು ಮಡಿಕೇರಿ ತನಕ ನಿನಗೆ ಏರೇ ಗೊತ್ತಾಗುವುದಿಲ್ಲ" ಎಂದು ನಕ್ಕರು.

ಅಂದು ನನಗೊಂದು ವಿಷಯ ಹೊಳೆಯಿತು. ಸೈಕಲ್ ಹೊಡೆಯುವವನನ್ನು ಜನ ನೋಡುತ್ತಾರೆ; ತಳ್ಳುವವನ ಜೊತೆ ಮಾತಾಡುತ್ತಾರೆ. ಬರಿಗೈಯಲ್ಲಿ ನಡೆಯುವ ಅಪರಿಚಿತನ ಬಗ್ಗೆ ಸಣ್ಣ ಅನುಮಾನವಾದರೂ ಇರುತ್ತದೆ, ಯಾರಪ್ಪ ಇವನು, ಯಾಕೆ ಬಂದ ಎಂದು. ಸೈಕಲ್ ತಳ್ಳುವವನ ಬಗ್ಗೆ ಅದಿಲ್ಲ. ಅವನ ಕಷ್ಟ ಅವನ ಎದುರಿಗೇ ಇದೆ, ಎರಡು ಚಕ್ರದ ಮೇಲೆ. ಅವನನ್ನು ನೋಡಿ ನಗಬಹುದು, ಅವನ ಕ್ಯಾರಿಯರಿನ ಮೇಲೆ ಚೀಲ ಇಡಬಹುದು. ಆಮೇಲೆ ಎಷ್ಟೋ ವರ್ಷ ನನ್ನ ಕ್ಯಾರಿಯರು ಏರಿನ ಜನರ ಗಾಡಿಯಾಯಿತು: ಹಲಸಿನ ಹಣ್ಣು, ಸೌದೆ ಕಟ್ಟು, ಹುಷಾರಿಲ್ಲದ ಮಗು, ಒಮ್ಮೆ ಕಾಲು ಕಟ್ಟಿದ ಎರಡು ಕೋಳಿ.

*

ಒಂದು ಸಲ ಅಪ್ಪನೂ. 1981ರ ಮಳೆಗಾಲದಲ್ಲಿ ಸುಂಟಿಕೊಪ್ಪ ಪೇಟೆಯಲ್ಲಿ ಜಾರಿ ಬಿದ್ದು ಅವರ ಕಾಲು ಉಳುಕಿತ್ತು. ಜೀಪು ಸಿಗಲಿಲ್ಲ. ಹೇಳಿ ಹೇಳಿ ಕ್ಯಾರಿಯರಿನ ಮೇಲೆ ಕೂರಿಸಿದೆ. ಎಸ್ಟೇಟಿನ ರಸ್ತೆ ಸಣ್ಣದಾದರೂ ಕಡಿದಾದ ಏರು. ಸ್ವಲ್ಪ ದೂರ ಸುಮ್ಮನಿದ್ದವರು, "ಯಾರನ್ನು ಇಡ್ತೀ ಅಂತ ಕೇಳಿದ್ದೆನಲ್ಲ, ಈಗ ಗೊತ್ತಾಯ್ತು" ಎಂದರು. ಏರಿಗೆ ಮಾತು ಬೇಡ ಎನ್ನುತ್ತಿದ್ದ ಮನುಷ್ಯ ಅಂದು ಏರಿನುದ್ದಕ್ಕೂ ಮಾತಾಡಿದರು. ಉಸಿರು ಹೋಗುತ್ತಿದ್ದದ್ದು ನನ್ನದು, ಅವರದಲ್ಲವಲ್ಲ.

1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅಪ್ಪನಿಗೆ ಹದಿನಾಲ್ಕು. ಗುಂಡುಕುಟ್ಟಿ ಎಸ್ಟೇಟಿಗೆ ಗಾಂಧಿ ಬರುತ್ತಾರೆಂದು ತಿಳಿದು ಮನೆಯಲ್ಲಿ ಹೇಳದೆ ನಡೆದು ಹೋಗಿದ್ದರಂತೆ. ಅಲ್ಲಿ ಕಂಡದ್ದು ಜನರ ಬೆನ್ನು ಮಾತ್ರ. ಆದರೆ ಆ ಎಸ್ಟೇಟಿನ ಮ್ಯಾನೇಜರರ ಹೆಂಡತಿ, ಗಾಂಧಿ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತರು, ಗಾಂಧಿ ಬಂದರು, ಆಕೆ ಒಡವೆ ಬಿಚ್ಚಿ ಕೊಟ್ಟರು ಎಂಬ ಸುದ್ದಿ ಅಂದು ಸಂಜೆಯೊಳಗೆ ಎಲ್ಲ ಲೈನುಗಳಿಗೂ ತಲುಪಿತ್ತು. ಆಕೆಯೇ ಕತೆಗಾರ್ತಿ ಕೊಡಗಿನ ಗೌರಮ್ಮ. ನಾನು ಶಾಲೆಯಲ್ಲಿ ಗೌರಮ್ಮನವರ ಬಗ್ಗೆ ಪಾಠ ಮಾಡುತ್ತಿದ್ದೆ: 1912ರಲ್ಲಿ ಹುಟ್ಟು, 1939ರಲ್ಲಿ ನೀರುಪಾಲು, ಎರಡು ಕಥಾಸಂಕಲನ. ಅಪ್ಪ ಆ ಕಾಲದಲ್ಲಿ ಅದೇ ದಾರಿಯಲ್ಲಿ ನಡೆದಿದ್ದರೆಂಬುದು ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿದ್ದು ಕೇಳದ ಮಾತನ್ನು ಒಂದು ಮೈಲಿಯ ಏರಿನಲ್ಲಿ ಕೇಳಿದೆ.

*

ಕೆಲಸ ಸಿಕ್ಕಿದ ಮೇಲೆ ವರ್ಗಾವಣೆಗಳೇ ನನ್ನ ಪ್ರವಾಸದ ನಕ್ಷೆ ಬರೆದವು. ಸೋಮವಾರಪೇಟೆಯಲ್ಲಿದ್ದಾಗ ಪುಷ್ಪಗಿರಿ, ನಾಪೋಕ್ಲಿನಲ್ಲಿದ್ದಾಗ ಕಕ್ಕಬ್ಬೆಯಿಂದ ನಾಲ್ಕುನಾಡು ಅರಮನೆ ದಾಟಿ ತಡಿಯಂಡಮೋಳ್. 1,748 ಮೀಟರಿನ ಅದು ಕೊಡಗಿನ ಅತಿ ಎತ್ತರದ ಬೆಟ್ಟ. ಸಹೋದ್ಯೋಗಿಗಳ ಜೊತೆ ಗಾಳಿಬೀಡಿನಿಂದ ಕಡಮಕಲ್ಲಿನ ಕಾಡು ಹಾದು ಸುಬ್ರಹ್ಮಣ್ಯಕ್ಕೂ ನಡೆದಿದ್ದೇನೆ. ನಸುಕಿನಲ್ಲಿ ಹೊರಟು ದೀಪ ಹಚ್ಚುವ ಹೊತ್ತಿಗೆ ಕುಕ್ಕೆಯ ಹೊಳೆಯಲ್ಲಿ ಕಾಲು ಅದ್ದಿದಾಗ, ಆರು ಜನರ ಕಾಲಿನಿಂದ ನಾವು ಎಣಿಸಿ ಕಿತ್ತ ಜಿಗಣೆ ಎಂಬತ್ತು ಮೀರಿತ್ತು. ಈಗ ಆ ಕಾಡಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳು 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಒಳ್ಳೆಯದೇ.

ಸಾಮಾನು ಹೆಚ್ಚೇನೂ ಇರಲಿಲ್ಲ. ಒಂದು ಪಂಪು, ಪಂಕ್ಚರಿಗೆ ಸೊಲ್ಯೂಷನ್ ಟ್ಯೂಬು, ಹಳೆ ಟ್ಯೂಬಿನ ತುಂಡು, ಉಪ್ಪುಕಾಗದ, ಎರಡು ಚಪ್ಪಟೆ ಚಮಚ. ಟೈರು ಬಿಚ್ಚಲು ಅಮ್ಮನ ಅಡುಗೆಮನೆಯಿಂದ ಹೋದ ಚಮಚಗಳು ಮತ್ತೆ ಅಡುಗೆಮನೆಗೆ ಮರಳಲಿಲ್ಲ. ಮಲಗಲು ಶಾಲೆಯ ಜಗಲಿ, ದೇವಸ್ಥಾನದ ಪೌಳಿ, ಎಸ್ಟೇಟಿನ ಕಣ. ಯಾರೂ ಇಲ್ಲವೆಂದಿಲ್ಲ. ಒಂದು ಆಗಸ್ಟ್ 3ರಂದು ನಾಪೋಕ್ಲು ಬಳಿಯ ಒಂದು ಮನೆಯಲ್ಲಿ ಮಳೆಗೆ ಸಿಕ್ಕಿ ನಿಂತೆ. ಕೊಡವರ ಕಕ್ಕಡ ತಿಂಗಳ ಹದಿನೆಂಟು, ಮದ್ದು ಸೊಪ್ಪು ತಿನ್ನುವ ದಿನ. ಆ ಸೊಪ್ಪು ಬೇಯಿಸಿದ ನೀರಿನಲ್ಲಿ ಮಾಡಿದ ಪಾಯಸ ನೇರಳೆ ಬಣ್ಣಕ್ಕಿತ್ತು. ಮನೆಯ ಹಿರಿಯರು ಎರಡನೇ ಬಟ್ಟಲು ಬಡಿಸುತ್ತಾ, "ನಾಳೆ ಬೆಳಿಗ್ಗೆ ಹೆದರಬೇಡಿ ಮೇಷ್ಟ್ರೇ, ಬಣ್ಣ ಹೊರಗೂ ಬರ್ತದೆ" ಎಂದರು. ಬಂತು.

ಬೊಂಬಾಯಿಯ ಮೂವರು ಪಾರ್ಸಿ ಯುವಕರು, ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ, 1923ರಲ್ಲಿ ಹೊರಟು 1928ರಲ್ಲಿ ಸೈಕಲ್ಲಿನ ಮೇಲೆ ಜಗತ್ತು ಸುತ್ತಿ ಬಂದರೆಂದು ಓದಿ ಬೆರಗಾಗಿದ್ದೆ. ಅವರ ಪುಸ್ತಕಕ್ಕೆ ನೆಹರೂ ಮುನ್ನುಡಿ ಬರೆದಿದ್ದಾರೆ. 44,000 ಮೈಲಿ! ನಾನು ಕೊಡಗಿನ ಹೊರಗೆ ದೂರ ಹೋದದ್ದು ಕಡಿಮೆ. ಭಾಗಮಂಡಲದಿಂದ ಕರಿಕೆ, ಪಾಣತ್ತೂರು ಇಳಿದು ಕಾಞಂಗಾಡಿನ ಕಡಲಿಗೆ, ವಿರಾಜಪೇಟೆಯಿಂದ ಮಾಕುಟ್ಟದ ಕಾಡು ಇಳಿದು ಇರಿಟ್ಟಿಗೆ, ಅಷ್ಟೇ ನನ್ನ ವಿದೇಶಯಾತ್ರೆ. ಎಲ್ಲಿ ಹೋದರೂ ಮನೆಗೆ ಬರಲು ಘಾಟಿ ಹತ್ತಲೇಬೇಕು.

ತಳ್ಳುವ ವೇಗದಲ್ಲಿ ಕಿವಿಯೂ ಕೆಲಸ ಮಾಡುತ್ತದೆ. ಭಾಗಮಂಡಲದ ಕಡೆ ಆಗ ಮನೆಮನೆಗೂ ಜೇನುಪೆಟ್ಟಿಗೆ. ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾದಾಗ ರಸ್ತೆಯ ಎರಡೂ ಬದಿಯಿಂದ ಒಂದು ಗುಂಯ್‌ಗುಡುವಿಕೆ. ದೂರದಲ್ಲೆಲ್ಲೋ ರೈಸ್‌ಮಿಲ್ಲು ಓಡುತ್ತಿದೆಯೇನೋ ಎನ್ನುವಂಥದ್ದು. 1992ರ ಹೂವಿನ ಕಾಲದಲ್ಲಿ ಆ ದಾರಿಯಲ್ಲಿ ತಳ್ಳುತ್ತಿದ್ದಾಗ ಏನೋ ಸರಿಯಿಲ್ಲ ಅನಿಸಿತು. ಸೈಕಲ್ ನಿಲ್ಲಿಸಿದೆ. ಚೈನಿನ ಸದ್ದೂ ನಿಂತಿತು. ಹೂವಿತ್ತು, ಪರಿಮಳವಿತ್ತು, ಸದ್ದಿರಲಿಲ್ಲ. ಒಂದು ಮನೆಯ ಅಂಗಳದಲ್ಲಿ ಪೆಟ್ಟಿಗೆಗಳನ್ನು ಮಗುಚಿ ಇಟ್ಟಿದ್ದರು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನನ್ನು ಬಡಿದ ಕಾಲ ಅದು; ಮರಿಹುಳುಗಳು ಎರಿಯೊಳಗೇ ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಆಮೇಲೆ ಜೇನು ನಿಧಾನಕ್ಕೆ ಚೇತರಿಸಿಕೊಂಡಿತು. ಆದರೆ ಹಿಂದಿನ ಆ ರೈಸ್‌ಮಿಲ್ಲಿನ ಸದ್ದು ನನಗೆ ಮತ್ತೆ ಕೇಳಿಸಿಲ್ಲ. ಬಸ್ಸಿನಲ್ಲಿ ಹೋಗುವವನಾಗಿದ್ದರೆ, ಆ ವರ್ಷ ಕಾಫಿ ಹೂ ಚೆನ್ನಾಗಿತ್ತು ಎಂದಷ್ಟೇ ಬರೆಯುತ್ತಿದ್ದೆ.

*

2012ರಲ್ಲಿ ಬೆಂಗಳೂರಿನಲ್ಲಿರುವ ಮಗ ಇಪ್ಪತ್ತೊಂದು ಗೇರಿನ ಸೈಕಲ್ ತಂದುಕೊಟ್ಟ. "ಇನ್ನು ತಳ್ಳುವ ಕಷ್ಟ ಇಲ್ಲಪ್ಪಾ" ಎಂದ. ತೂಕ ಹಳೆಯದರ ಅರ್ಧ. ಹ್ಯಾಂಡಲಿನ ಮೇಲೆ ವೇಗ, ದೂರ, ಸರಾಸರಿ ಎಲ್ಲ ತೋರಿಸುವ ಸಣ್ಣ ಮೀಟರು. ಐವತ್ತೆಂಟರ ವಯಸ್ಸಿನಲ್ಲಿ ನಾನು ಸಂಪಾಜೆಯಿಂದ ಮಡಿಕೇರಿಗೆ ಒಂದೇ ಒಂದು ಸಲವೂ ಇಳಿಯದೆ ಹತ್ತಿದೆ. ಮಡಿಕೇರಿಯಲ್ಲಿ ನಿಂತು ಮಗನಿಗೆ ಫೋನು ಮಾಡಿದಾಗ ದನಿ ನಡುಗುತ್ತಿತ್ತು, ಹೆಮ್ಮೆಯಿಂದ.

ಆ ಸವಾರಿಯ ಸರಾಸರಿ ಇವತ್ತಿಗೂ ನೆನಪಿದೆ: ಗಂಟೆಗೆ 7.4 ಕಿಲೋಮೀಟರು. ದಾರಿಯಲ್ಲಿ ಯಾರು ಸಿಕ್ಕರು ಎಂದು ಕೇಳಿದರೆ, ಯಾರೂ ಇಲ್ಲ. ಸಿಕ್ಕಿರಲೇಬೇಕು. ಚಹಾದಂಗಡಿಗಳು ಇದ್ದವು, ಬಸ್ಸಿಗೆ ಕಾಯುವ ಜನ ಇದ್ದರು. ನಾನು ಮುಂದಿನ ಚಕ್ರದಿಂದ ನಾಲ್ಕು ಅಡಿ ದೂರದ ಡಾಂಬರನ್ನೇ ನೋಡುತ್ತಾ, ಉಸಿರು ಎಣಿಸುತ್ತಾ ಹತ್ತಿದೆ. ಹೆಲ್ಮೆಟ್ಟು, ಬಣ್ಣದ ಅಂಗಿ ಹಾಕಿದ ನನ್ನನ್ನು ಜನ ಪ್ರವಾಸಿ ಎಂದುಕೊಂಡು ದಾರಿ ಬಿಟ್ಟರು. ಏರಿಗೆ ಮಾತು ಬೇಡ ಎಂಬ ಅಪ್ಪನ ಸೂತ್ರವನ್ನು ಜೀವನದಲ್ಲಿ ಮೊದಲ ಸಲ ಪಾಲಿಸಿದ್ದೆ.

ಆ ಸೈಕಲ್ಲನ್ನು ಬೈಯುತ್ತಿಲ್ಲ. ಶನಿವಾರ ಭಾನುವಾರ ಬೆಂಗಳೂರು, ಮೈಸೂರುಗಳಿಂದ ಗುಂಪು ಗುಂಪಾಗಿ ಸೈಕಲ್ಲಿನಲ್ಲಿ ಬರುವ ಹುಡುಗ ಹುಡುಗಿಯರನ್ನು ಕಂಡರೆ ಸಂತೋಷವೇ. ಪ್ರವಾಸಿಗರ ಕಾರುಗಳ ಸಾಲು, ತಿರುವಿನಲ್ಲೂ ನಿಲ್ಲದ ಹಾರ್ನು, ಅಂಚಿಲ್ಲದ ರಸ್ತೆ, ಇವುಗಳ ನಡುವೆ ಸೈಕಲ್ ಹೊಡೆಯಲು ನನಗಿಂತ ಹೆಚ್ಚು ಧೈರ್ಯ ಬೇಕು. ಅವರಿಗೆ ಎಲ್ಲಾದರೂ ಒಂದು ಏರಿನಲ್ಲಿ ಚೈನು ತುಂಡಾಗಲಿ ಎಂದು ಮಾತ್ರ ಮನಸ್ಸಿನಲ್ಲೇ ಹಾರೈಸುತ್ತೇನೆ.

2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಮಕ್ಕಂದೂರು, ಮದೆನಾಡು, ಜೋಡುಪಾಲ. ಅದುವರೆಗೆ ನಕ್ಷೆಯಲ್ಲಿ ಹುಡುಕಬೇಕಿದ್ದ ಹೆಸರುಗಳು ದಿನವಿಡೀ ಟಿವಿಯಲ್ಲಿ ಬಂದವು. ಘಾಟಿ ರಸ್ತೆ ಮುಚ್ಚಿತು. ಮತ್ತೆ ತೆರೆದ ಮೇಲೆ ಒಂದು ದಿನ ಹಳೆಯ ಹರ್ಕ್ಯುಲಿಸ್ಸನ್ನು ಹೊರಗೆ ತೆಗೆದು, ಎಣ್ಣೆ ಬಿಟ್ಟು, ಮಡಿಕೇರಿಯಿಂದ ಇಳಿದೆ. ಹೊಡೆಯಲಿಲ್ಲ, ಇಳಿಜಾರಿನಲ್ಲೂ ಹಿಡಿದು ನಡೆದೆ. ಹಸಿರು ಬೆಟ್ಟಗಳ ಮೈಮೇಲೆ ಮೇಲಿಂದ ಕೆಳಗೆ ಕೆಂಪು ಮಣ್ಣಿನ ಗೀರು. ಜೋಡುಪಾಲದಲ್ಲಿ ಆ ಏಳೆಂಟು ಮೆಟ್ಟಿಲು ಹುಡುಕಿದೆ. ಅಜ್ಜಿ ಎಂದೋ ತೀರಿಕೊಂಡಿದ್ದಾರು. ಆ ಮನೆಯಲ್ಲಿ ಆಮೇಲೆ ಯಾರಿದ್ದರೋ. ನಾನು ನಿಂತದ್ದು ಸರಿಯಾದ ತಿರುವೇ ಹೌದೋ ಅಲ್ಲವೋ ಎಂದು ಹೇಳಲು ಅಲ್ಲಿ ಬರೆಯೇ ಉಳಿದಿರಲಿಲ್ಲ. ಜೆಸಿಬಿಯವರು ಊಟಕ್ಕೆ ಕೂತಿದ್ದರು. ಏನು ಹುಡುಕ್ತಾ ಇದ್ದೀರಿ ಎಂದು ಕೇಳಿದರು. ಮಜ್ಜಿಗೆ ಎಂದು ಹೇಳಲಾಗುತ್ತದೆಯೇ?

*

ಮಂಡಿ ಈಗ ಪೆಡಲಿಗೆ ಒಪ್ಪುವುದಿಲ್ಲ. ಸಣ್ಣ ಏರಿಗೂ ಇಳಿಯುತ್ತೇನೆ. ಗೇರಿನ ಸೈಕಲ್ಲನ್ನು ಮೊಮ್ಮಗ ತೆಗೆದುಕೊಂಡು ಹೋದ. ಹರ್ಕ್ಯುಲಿಸ್ ಮನೆಯಲ್ಲೇ ಇದೆ, ಅದೇ ಕ್ಯಾರಿಯರು, ಮೂರನೇ ಸ್ಪ್ರಿಂಗು. ಕೈಗೋಲಿನ ಬದಲು ಅದನ್ನೇ ಹಿಡಿದು ಪೇಟೆಗೆ ಹೋಗಿ ಬರುತ್ತೇನೆ.

ಕಳೆದ ಕೊಯ್ಲಿನ ಕಾಲದ ಒಂದು ಸಂಜೆ ಸುಂಟಿಕೊಪ್ಪದಿಂದ ಮರಳುತ್ತಿದ್ದೆ. ಅಪ್ಪನನ್ನು ಕೂರಿಸಿಕೊಂಡು ತಳ್ಳಿದ ಅದೇ ಎಸ್ಟೇಟಿನ ಏರು. ಮುಂದೆ ಒಬ್ಬ ಹುಡುಗ ಹೆಗಲ ಮೇಲೆ ಅಕ್ಕಿ ಚೀಲ ಹೊತ್ತು ನಡೆಯುತ್ತಿದ್ದ. ಈಗ ನಮ್ಮ ತೋಟಗಳ ಲೈನುಗಳಲ್ಲಿ ಅಸ್ಸಾಮಿನಿಂದ ಬಂದವರು ಬಹಳ. ನಾನು ಹತ್ತಿರ ಬಂದು ನಿಂತು, ಮಾತಾಡದೆ ಕ್ಯಾರಿಯರನ್ನು ತಟ್ಟಿದೆ. ಅವನು ಅನುಮಾನದಿಂದ ನೋಡಿದ. ಮತ್ತೆ ತಟ್ಟಿದೆ. ಚೀಲ ಇಟ್ಟ. ಸ್ಪ್ರಿಂಗು ಕಿರುಗುಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಅವನೇ ನನ್ನನ್ನು ಬದಿಗೆ ಸರಿಸಿ ಹ್ಯಾಂಡಲು ಹಿಡಿದ. ನಾನು ಚೀಲಕ್ಕೆ ಕೈ ಆನಿಸಿ ಪಕ್ಕದಲ್ಲಿ ನಡೆದೆ.

ಅರೆಬರೆ ಕನ್ನಡದಲ್ಲಿ ಹೇಳತೊಡಗಿದ. ಅವರ ಊರಿನಲ್ಲಿ ಹೊಳೆ ದೊಡ್ಡದು, ಈ ಕಾವೇರಿಗಿಂತ ಎಷ್ಟೋ ದೊಡ್ಡದು. ಅದು ಅವರ ಗದ್ದೆ ತಿಂದಿತು, ಮನೆ ಎರಡು ಸಲ ಬದಲಾಯಿತು. ಇಲ್ಲಿ ಬೆಟ್ಟ ಬೀಳ್ತದಂತೆ, ಹೌದಾ ಅಂಕಲ್ ಎಂದ. ಹೌದು ಎಂದೆ. ಅಲ್ಲಿ ಎಲ್ಲರಿಗೂ ಸೈಕಲ್ ಉಂಟು, ರಸ್ತೆ ಹೀಗಿಲ್ಲ, ಚಪ್ಪಟೆ ಎಂದು ಅಂಗೈ ಚಾಚಿ ತೋರಿಸಿ ನಕ್ಕ. ಊರಿನ ಹೆಸರು ಕೇಳಿದೆ. ಹೇಳಿದ. ನನಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳೋಣ ಎಂದುಕೊಳ್ಳುವಷ್ಟರಲ್ಲಿ ಏರು ಮುಗಿದುಬಿಟ್ಟಿತ್ತು.